ಒಬ್ಬ ಮದುಮಗಳನ್ನಷ್ಟೇ ಉಳಿಸಿದ ಡಿಸ್ಕ್ ದೋಸ್ತ್ ಅವರಿಗೆ

ಕಂಪ್ಯೂಟರಿನ ಕಸ ಗುಡಿಸುವುದಕ್ಕೆಂದೇ ಅವತರಿಸಿ, ಸದ್ಯ ನಮ್ಮ ಪರದೆಯ ಎಡಮೂಲೆಯಲ್ಲಿ ಹಸಿರು ಕಸಬರಿಗೆ ಹಿಡಿದು ನಿಂತಿರುವ ಮಾನ್ಯ ಡಿಸ್ಕ್ ದೋಸ್ತ್ ಅವರೇ,

ಕಮತಗಿಯ ಬಸ್ ನಿಲ್ದಾಣದ ಎದುರಿಗಿರುವ ಫೋಟೊ ಸ್ಟುಡಿಯೊದಿಂದ, ಗಂಡ ತೆಗೆದ ಫೋಟೊಗಳನ್ನು ತಿದ್ದಿ ತೀಡಿ ಅಲ್ಬಮ್ ಮಾಡುವ ಜಯಶ್ರೀ ಎಂಬ ನಾನು ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ. ಬೆಳಿಗ್ಗೆ ಕಂಪ್ಯೂಟರ್ ಚಾಲು ಮಾಡಿದೊಡನೆ ನಾನು ಕುರ್ಚಿ ಎಳೆದುಕೊಳ್ಳುವ ಮೊದಲೇ ತಾವು ಎದ್ದು ಬಂದು, ‘ಶುಭೋದಯ, ಇವತ್ತು ಏನನ್ನು ಅಳಿಸೋಣ?’ ಎಂದು ವಿಚಾರಿಸುತ್ತೀರಿ. ಇತ್ತ ನಾವೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಹಾಗೆ ಬರೆಯಬಹುದೋ ಇಲ್ಲವೋ ಎಂಬುದನ್ನು ಪತ್ರ ಓದಿದ ಮೇಲೆ ತಾವೇ ತೀರ್ಮಾನಿಸಬೇಕೆಂದು ವಿನಂತಿ.

ತಮ್ಮನ್ನು ಈ ಯಂತ್ರಕ್ಕೆ ಬರಮಾಡಿಕೊಂಡವಳು ನಾನೇ. ಅದಕ್ಕೆ ಕಾರಣ ನನ್ನ ಗಂಡ ಆನಂದ. ಅವರು ಒಬ್ಬ ಮನುಷ್ಯನನ್ನು ಕಂಡರೆ ಒಂದು ಫೋಟೊ ತೆಗೆದು ಸುಮ್ಮನಾಗುವವರಲ್ಲ. ಆ ಮನುಷ್ಯ ಬೇಸತ್ತು ಬೇರೆ ಕಡೆ ಹೋಗುವವರೆಗೂ ಬಟನ್ ಒತ್ತುತ್ತಲೇ ಇರುತ್ತಾರೆ. ಕೇಳಿದರೆ, “ಒಂದರಾಗ ಕಣ್ಣ ಮುಚ್ಚಿದ್ರ ಇನ್ನೊಂದರಾಗ ತೆರದಿರ್ತಾನ ಬಿಡ” ಅನ್ನುತ್ತಾರೆ. ಅವುಗಳನ್ನು ಅವರು ಇಟ್ಟ ಫೋಲ್ಡರುಗಳ ಹೆಸರುಗಳಾದರೋ ‘ಹೊಸದು’, ‘ಭಾಳ ಹೊಸದು’, ‘ಫೈನಲ್’, ‘ಖರೇ ಫೈನಲ್’ ಮತ್ತು ‘ಜಯಶ್ರೀ ಇದನ್ನ ನೋಡು’. ಹೀಗಾಗಿ ಡಿಸ್ಕಿನಲ್ಲಿ ಜಾಗ ತೋರಿಸುವ ನೀಲಿ ಪಟ್ಟಿ ಕೆಂಪಾಗಿ, ಅಲ್ಬಮ್ ಜೋಡಿಸುವಾಗ ಮದುಮಗನ ಅರ್ಧ ಮುಖ ಮೂಡಿದ ಮೇಲೆ ಯಂತ್ರ ಅಲ್ಲಿಗೇ ನಿಲ್ಲತೊಡಗಿತು. ಇನ್ನೊಂದು ಹಾರ್ಡ್ ಡಿಸ್ಕ್ ತರೋಣ ಎಂದು ಅವರು ಹೇಳಿದಾಗ ನಾನು, “ಮನಿ ತುಂಬೇತಿ ಅಂತ ಇನ್ನೊಂದ ಮನಿ ಕಟ್ಟಸ್ತೀರೇನು? ಮೊದಲ ಇದನ್ನ ಹಸನ ಮಾಡೂಣ್ರಿ” ಎಂದೆ. ಈ ಮಾತನ್ನು ತಾವು ಎಲ್ಲಿ ಕುಳಿತು ಕೇಳಿಸಿಕೊಂಡಿರೋ ತಿಳಿಯದು, ಮರುಕ್ಷಣವೇ ಪರದೆಯ ಮೇಲೆ ತಮ್ಮ ಜಾಹೀರಾತು ಬಂತು. ತಾವು ಪುಕ್ಕಟೆ ಎಂದೂ ಅದರಲ್ಲಿ ಇತ್ತು.

ತಾವು ಬಂದ ದಿನ ಮಾಡಿದ ಸೇವೆಯನ್ನು ಹೇಗೆ ಹೊಗಳಲಿ? ಯಾರೋ ಬಂದು ಝೆರಾಕ್ಸ್ ತೆಗೆಸಿಕೊಂಡು ಹೋದ ಆಧಾರ್ ಕಾರ್ಡುಗಳು, ಯಾರದೆಂದು ಗೊತ್ತಿಲ್ಲದ ಪಾಸ್‌ಪೋರ್ಟ್ ಅಳತೆಯ ಮೋರೆಗಳು ಎಲ್ಲವನ್ನೂ ತಾವು ಗುಡಿಸಿ ಹಾಕಿದಿರಿ. ಆಮೇಲೆ ನನ್ನನ್ನು ಕೇಳಿದಿರಿ: ‘ಒಂದೇ ತೆರನಾದ ಚಿತ್ರಗಳು ಕಂಡುಬಂದಿವೆ. ಒಂದನ್ನು ಉಳಿಸಿ, ನಕಲುಗಳನ್ನು ಶಾಶ್ವತವಾಗಿ ಅಳಿಸಲೇ?’ ನನ್ನ ಗಂಡನ ಬೆರಳನ್ನು ನೆನೆದು ನಾನು ಹೌದೆಂದು ಒತ್ತಿ ಚಹಾ ಕುಡಿಯಲು ಎದ್ದೆ. ತಿರುಗಿ ಬರುವಷ್ಟರಲ್ಲಿ ಪರದೆಯ ತುಂಬ ಬಣ್ಣದ ಕಾಗದದ ಚೂರುಗಳು ಉದುರುತ್ತಿದ್ದವು, ‘ಅಭಿನಂದನೆಗಳು, ನೀವೀಗ ಹಗುರಾಗಿದ್ದೀರಿ’ ಎಂದು ತಾವು ಬರೆದಿದ್ದಿರಿ. ಅವತ್ತೇ ಮಧ್ಯಾಹ್ನ ಆನಂದ ಸಾಲಿಯ ಗ್ಯಾದರಿಂಗಿನ, ಅಂದರೆ ಶಾಲೆಯ ವಾರ್ಷಿಕೋತ್ಸವದ, ವಿಡಿಯೊ ತಂದು ಆ ಖಾಲಿ ಜಾಗಕ್ಕೆ ಸುರುವಿದರು. ಕಂಪ್ಯೂಟರ್ ಒಮ್ಮೆಯೂ ನಿಲ್ಲಲಿಲ್ಲ. ನಾವಿಬ್ಬರೂ ತಮ್ಮನ್ನು ಮನಸಾರೆ ಹರಸಿದೆವು.

ಇಷ್ಟು ತಮ್ಮ ಗುಣಗಾನ. ಇನ್ನು ನಮ್ಮೂರಿನ ಜಲಾಲುದ್ದೀನ ಸಾಹೇಬರ ವಿಷಯ.

ಇಳಕಲ್ಲಿನಿಂದ ಸೀರೆ ತಂದು ಮಾರುವ ಈ ಸಾಹೇಬರಿಗೆ ಖುಶನುಮಾ ಮತ್ತು ನರ್ಗೀಸ ಎಂಬ ಅವಳಿ ಹೆಣ್ಣುಮಕ್ಕಳು. ಮೊದಲು ಹುಟ್ಟಿದವಳು ಖುಶನುಮಾ. ತಾವು ಬರುವ ಮೊದಲೇ ಇಬ್ಬರ ಲಗ್ನವೂ ಒಂದೇ ದಿನ, ಒಂದೇ ಹಾಲ್‌ನಲ್ಲಿ ಆಗಿತ್ತು. ಒಬ್ಬಳಿಗೆ ಹೆಚ್ಚು ಒಬ್ಬಳಿಗೆ ಕಡಿಮೆ ಅನ್ನಿಸಬಾರದೆಂದು ತಂದೆ ಇಬ್ಬರಿಗೂ ಒಂದೇ ಬಣ್ಣದ, ಒಂದೇ ದಡಿಯ ಇಳಕಲ್ಲ ಸೀರೆ ತಂದಿದ್ದರು. ಹೆಂಗಸರ ಕೋಣೆಯಲ್ಲಿ ಫೋಟೊ ತೆಗೆಯುವ ಪಾಳಿ ನನ್ನದು. ಹೂವು ಸುತ್ತಿದ ಒಂದೇ ಕುರ್ಚಿಯ ಮೇಲೆ, ಹಣೆಯಿಂದ ಗಲ್ಲದವರೆಗೆ ಮಲ್ಲಿಗೆಯ ಎಳೆಗಳನ್ನು ಇಳಿಬಿಟ್ಟುಕೊಂಡು, ಕಣ್ಣು ಕೆಳಗೆ ಮಾಡಿ, ಒಬ್ಬಳಾದ ಮೇಲೆ ಒಬ್ಬಳು ಕುಳಿತಳು. ಇಬ್ಬರ ಪಕ್ಕದಲ್ಲೂ ಅವರ ದಾದಿ ಮಕ್ತುಮಬಿ, ಅಂದರೆ ಸಾಹೇಬರ ತಾಯಿ, ಕುಳಿತು ಫೋಟೊ ತೆಗೆಸಿಕೊಂಡರು. ಇದು ಸಣ್ಣ ಸಂಗತಿಯಲ್ಲ. ಈ ಹಿರಿಯರು ಆಧಾರ್ ಕಾರ್ಡಿನ ಫೋಟೊ ಬಿಟ್ಟರೆ ಬೇರೆ ಫೋಟೊಕ್ಕೆ ಕುಳಿತವರಲ್ಲ. ಆ ಕಾರ್ಡನ್ನು ನೋಡಿಯೂ “ಇಂಥಾಕಿ ನಮ್ಮ ಮನ್ಯಾಗ ಯಾರೂ ಇಲ್ಲ” ಎಂದು ತಿರುಗಿ ಕೊಟ್ಟವರು. ಮೊಮ್ಮಕ್ಕಳು ಕಾಡಿ ಬೇಡಿ ಒಪ್ಪಿಸಿದ್ದರು.

ಮಾನ್ಯರೇ, ಈ ಫೋಟೊಗಳನ್ನು ನಾನು ಇಬ್ಬರ ಹೆಸರಿನಲ್ಲಿ ಹಾಕಿಟ್ಟಿದ್ದ ಎರಡು ಫೋಲ್ಡರುಗಳನ್ನು ತಾವು ಪರಿಶೀಲಿಸಿ, ಖುಶನುಮಾ ಎಂಬ ಹೆಸರಿನದು ಅಸಲು, ನರ್ಗೀಸ ಎಂಬುದು ನಕಲು ಎಂದು ತೀರ್ಪು ಕೊಟ್ಟು, ಒಬ್ಬ ಮದುಮಗಳನ್ನು ದಾದಿಯ ಸಮೇತ ಅಳಿಸಿದಿರಿ. ಅದೇ ಲಗ್ನದಲ್ಲಿ ಸಾಹೇಬರ ದೂರದ ನೆಂಟ ಮಲೀಕಸಾಬ ಎಂಬುವವರು ತಟ್ಟೆ ಹಿಡಿದು ಪ್ರತಿಯೊಂದು ಫೋಟೊದಲ್ಲೂ ಹಾಜರಿದ್ದಾರೆ. ಅವರ ಒಂದು ಪ್ರತಿಯನ್ನೂ ತಾವು ಮುಟ್ಟಲಿಲ್ಲ. ಪ್ರತಿ ಸಲವೂ ತಟ್ಟೆಯಲ್ಲಿ ಬೇರೆ ಪದಾರ್ಥವಿದ್ದುದರಿಂದ ತಾವು ಅವರನ್ನು ಬೇರೆ ಬೇರೆ ಮನುಷ್ಯರೆಂದು ಭಾವಿಸಿರಬೇಕು. ತಮ್ಮ ಈ ಸೂಕ್ಷ್ಮದೃಷ್ಟಿ ಜಲಾಲುದ್ದೀನ ಸಾಹೇಬರಿಗೂ ಇಲ್ಲ.

ಬದಾಮಿಯ ಗಂಡನ ಮನೆಯಿಂದ ತವರಿಗೆ ಬಂದಿದ್ದ ನರ್ಗೀಸ ಅಲ್ಬಮಿಗೆ ಫೋಟೊ ಆರಿಸಲು ತಾವು ಗುಡಿಸಿದ ಮರುದಿನ ಸ್ಟುಡಿಯೊಕ್ಕೆ ಬಂದಳು. ಗಂಡನ ಜೊತೆ ನಿಂತ ಫೋಟೊಗಳನ್ನೆಲ್ಲ ನೋಡಿ ನಗುತ್ತಿದ್ದವಳು, “ಅಕ್ಕಾರ, ದಾದಿ ಜೋಡಿ ಕುಂತಿದ್ದು ತೋರಸ್ರಿ” ಎಂದಳು. ಅವಳ ಹೆಸರಿನ ಫೋಲ್ಡರ್ ತೆರೆದೆ. ಅದು ಖಾಲಿಯಿತ್ತು. ಪಕ್ಕದ ಫೋಲ್ಡರಿನಲ್ಲಿ ಅಕ್ಕ ದಾದಿಯ ಪಕ್ಕ ಕುಳಿತಿದ್ದಳು. ನಾನು ತಡವರಿಸುತ್ತ, ಜಾಗ ಮಾಡಲು ಹೋಗಿ ಹೀಗಾಗಿದೆ, ಯಂತ್ರ ನಿನ್ನವನ್ನು ನಕಲು ಎಂದು ತಿಳಿಯಿತು ಎಂದು ಹೇಳಿದೆ. ಅವಳು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಚಲೋ ಆಗುತ್ತಿತ್ತು.

“ಸಾಲ್ಯಾಗ ಮಾಸ್ತರು ನನ್ನ ಖುಶನುಮಾ ಅಂತ ಕರೀತಿದ್ರು. ಓಣ್ಯಾಗಿನ ಮಂದಿ ಇನ್ನೊಬ್ಬಾಕಿ ಅಂತಿದ್ರು,” ಎಂದಳು ನರ್ಗೀಸ. “ಈಗ ನಿಮ್ಮ ಕಂಪ್ಯೂಟರೂ ಹಂಗ ಅಂತೇನ್ರಿ ಅಕ್ಕಾರ?”

ಇದಕ್ಕೆ ಏನು ಉತ್ತರ ಕೊಡಬೇಕೆಂಬುದು ತಮ್ಮ ಸಹಾಯ ಪುಟದಲ್ಲಿ ಎಲ್ಲಿಯೂ ಇಲ್ಲ. ಹುಡುಕಿದ್ದೇನೆ.

ಆಮೇಲೆ ನಾವು ಪಟ್ಟ ಪಾಡನ್ನು ತಮ್ಮ ಗಮನಕ್ಕೆ ತರುತ್ತೇನೆ. ಕ್ಯಾಮೆರಾದ ಕಾರ್ಡನ್ನು ಆನಂದ ಗ್ಯಾದರಿಂಗಿಗೆಂದು ಆಗಲೇ ಅಳಿಸಿ ಖಾಲಿ ಮಾಡಿದ್ದರು. ಕಂಪ್ಯೂಟರನ್ನು ಚಾದರದಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಾಗಲಕೋಟೆಗೆ ಒಯ್ದೆವು. ಅಲ್ಲಿ ರಿಪೇರಿ ಅಂಗಡಿಯ ಚೇತನಕುಮಾರ ಅದರ ಹೊಟ್ಟೆ ಬಿಚ್ಚಿ ಬಹಳ ಹೊತ್ತು ನೋಡಿ, “ಬರೇ ಅಳಿಸಿದ್ರ ತಿರುಗಿ ತಗೀಬಹುದಿತ್ತರಿ. ಅದರ ಮ್ಯಾಲ ನೀವು ಬ್ಯಾರೇದ್ದು ತುಂಬೀರಿ” ಎಂದ. ಅಂದರೆ ನರ್ಗೀಸ ಕುಳಿತಿದ್ದ ಜಾಗದಲ್ಲಿ ಈಗ ಸಾಲಿಯ ಮಕ್ಕಳು ನವಿಲಿನ ಡ್ಯಾನ್ಸ್ ಮಾಡುತ್ತಿದ್ದಾರೆ. ತಿರುಗಿ ಬರುವಾಗ ಬಸ್ಸಿನಲ್ಲಿ ಆನಂದ ಮೆಲ್ಲಗೆ ಒಂದು ಉಪಾಯ ಹೇಳಿದರು. ಖುಶನುಮಾಳ ಫೋಟೊವನ್ನೇ ನರ್ಗೀಸಳ ಅಲ್ಬಮಿಗೂ ಹಾಕುವುದು. “ಹೂವಿನ್ಯಾಗ ಮುಖಾ ಎಲ್ಲಿ ಕಾಣಸ್ತೈತಿ? ಬದಾಮ್ಯಾಗ ಯಾರಿಗಿ ಗೊತ್ತಾಗ್ತೈತಿ?” ಎಂದರು. “ಆಕಿಗಿ ಗೊತ್ತಾಗ್ತೈತಲ್ಲರಿ” ಎಂದೆ. ಅವರು ಕಿಟಕಿಯ ಕಡೆ ಮುಖ ಮಾಡಿ ಕುಳಿತರು.

ಉಳಿದದ್ದು ಒಂದೇ ದಾರಿ, ಮಕ್ತುಮಬಿಯವರನ್ನು ಮತ್ತೊಮ್ಮೆ ಕೂರಿಸುವುದು. ಕೇಳಲು ಅವರ ಮನೆಗೆ ಹೋಗುವ ಧೈರ್ಯ ನನಗಾಗಲಿಲ್ಲ. ನರ್ಗೀಸಳೇ ಏನೋ ಹೇಳಿ ಅವರನ್ನು ಕೈಹಿಡಿದು ಸ್ಟುಡಿಯೊಕ್ಕೆ ಕರೆತಂದಳು. ಹಿರಿಯರು ಬಾಗಿಲಲ್ಲೇ ನಿಂತು, “ಒಮ್ಮೆ ಕುಂತೇನಿ. ಜೀವಮಾನಕ್ಕ ಅಷ್ಟ ಸಾಕು. ಮೊದಲ ಅದನ್ನ ತೋರಸು, ಎಲ್ಲಿ ಹೋತು ನೋಡ್ತೇನಿ” ಎಂದರು. ಉಳಿದಿದ್ದ ಫೋಟೊವನ್ನು ಪರದೆಯ ತುಂಬ ದೊಡ್ಡದು ಮಾಡಿ, ಇದು ಖುಶನುಮಾಳದು, ನರ್ಗೀಸಳದು ಹೋಗಿದೆ ಎಂದು ವಿವರಿಸಿದೆ.

ಅವರು ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಬಗ್ಗಿದರು. “ಯಾರು ಹೇಳಿದ್ರು ಖುಶನುಮಾ ಅಂತ?” ಎಂದು ಕೇಳಿದರು.

“ಫೋಲ್ಡರಿನ ಹೆಸರು ಹಂಗ ಐತ್ರಿ ಅಮ್ಮಾರ.”

“ಹೆಸರು ಇಟ್ಟಾಕಿ ನೀನಲ್ಲ? ಈಕಿ ಕೈ ನೋಡು. ಹೆಬ್ಬೆರಳ ಒಳಗ ಮಡಚಿ ಮುಷ್ಟಿ ಹಿಡದಾಳ. ತೊಟ್ಟಲದಾಗೂ ಹಂಗ ಮಲಗತಿದ್ಲು, ಪರೀಕ್ಷಾಕ್ಕ ಹೋಗೂಮುಂದೂ ಹಂಗ ಹೋಗ್ತಿದ್ಲು. ಈಕಿ ನರ್ಗೀಸ. ಖುಶನುಮಾನ ಹೂವಿನ ಎಳಿ ಹರದಿತ್ತು, ಅದನ್ನ ಕಟ್ಟೂತನಕಾ ಇರಲಿ ಅಂತ ಈಕಿನ್ನ ಮೊದಲ ಕುಂದರಿಸಿದ್ವಿ.”

ಆ ಮನೆಯಲ್ಲಿ ಯಾವಾಗಲೂ ಖುಶನುಮಾಳೇ ಮೊದಲು ಎಂದು ಊರಿನವರೆಲ್ಲ ತಿಳಿದ ಹಾಗೆ ನಾನೂ ತಿಳಿದು, ಮೊದಲು ಕುಳಿತವಳಿಗೆ ಖುಶನುಮಾ ಎಂದು ಹೆಸರು ಬರೆದಿದ್ದೆ. ತಾವೂ ನಾನೂ ಆ ಮುಖದ ಮುಂದೆ ಕುಳಿತು ಇಷ್ಟು ಕೆಲಸ ಮಾಡಿದೆವು, ಇಬ್ಬರಿಗೂ ತಿಳಿಯಲಿಲ್ಲ. ಈ ಒಂದು ವಿಷಯದಲ್ಲಿ ತಮ್ಮ ಮೇಲೆ ದೂರು ಹೇಳಲು ನನಗೆ ಬಾಯಿಲ್ಲ.

ನರ್ಗೀಸ ಪರದೆಯ ಮೇಲಿನ ತನ್ನ ಕೈಯನ್ನು ನೋಡುತ್ತ ನಿಂತಿದ್ದಳು. ಅವಳಿಗೆ ಖುಷಿಯಾಗಿತ್ತು, ಅದು ಕಾಣುತ್ತಿತ್ತು. ಆದರೆ ತುಸು ಹೊತ್ತಿನಲ್ಲೇ ಮುಖ ಸಣ್ಣದಾಯಿತು. “ಹಂಗಾದ್ರ ಹೋಗಿದ್ದು ಆಪಾಂದು,” ಎಂದಳು. ಆಪಾ ಅಂದರೆ ಅವರ ಮನೆಮಾತಿನಲ್ಲಿ ಅಕ್ಕ. “ಆಕಿಗಿ ಹೇಳಬ್ಯಾಡ್ರಿ ಅಕ್ಕಾರ. ಆಕಿ ಅಲ್ಬಮ್‌ನ್ಯಾಗ ಇದ ಇರಲಿ. ನನಗ ಗೊತ್ತಾತಲ್ಲ, ಸಾಕು.”

ಆನಂದ ನನ್ನ ಕಡೆ ನೋಡಿದರು. ಬಸ್ಸಿನಲ್ಲಿ ಅವರು ಹೇಳಿದ ಉಪಾಯವೇ ಇದು. ಆದರೆ ಇವಳ ಬಾಯಲ್ಲಿ ಅದು ಬೇರೆಯಾಗಿ ಕೇಳಿಸಿತು.

ಮಕ್ತುಮಬಿ ಒಪ್ಪಲಿಲ್ಲ. “ಫೋನ ಹಚ್ಚು” ಎಂದರು. ಇಳಕಲ್ಲಿನ ಗಂಡನ ಮನೆಯಲ್ಲಿದ್ದ ಖುಶನುಮಾಳಿಗೆ ಫೋನ್ ಹಚ್ಚಿ, ದನಿ ಎಲ್ಲರಿಗೂ ಕೇಳುವ ಹಾಗೆ ಮಾಡಿ, ನಡೆದದ್ದನ್ನೆಲ್ಲ ನಾನೇ ಹೇಳಿದೆ. ಆಮೇಲೆ, “ಹೋಗ್ಲಿ ಬಿಡ್ರಿ ಅಕ್ಕಾರ, ಆಕೀದರ ಉಳೀತಲ್ಲ” ಎಂದಳು. ಫೋನ್ ಇಡುತ್ತಾಳೆಂದು ತಿಳಿದಿದ್ದೆ. ಅಷ್ಟರಲ್ಲಿ ಸಣ್ಣ ದನಿಯಲ್ಲಿ ಕೇಳಿದಳು: “ಖರೇನ ನನ್ನದು ಒಂದೂ ಉಳದಿಲ್ಲೇನ್ರಿ?”

ಆಗ ಮಕ್ತುಮಬಿ ನನ್ನ ಕೈಯಿಂದ ಫೋನ್ ತೆಗೆದುಕೊಂಡು, ಅದನ್ನು ಬಾಯಿಗೆ ಹತ್ತಿರ ಹಿಡಿದು, “ಆ ಸೀರಿ ಉಟಗೊಂಡು ಬಾ. ನಾ ಕುಂದರ್ತೇನಿ” ಎಂದರು. ನಂತರ ನನ್ನ ಕಡೆ ತಿರುಗಿ ಹೇಳಿದರು: “ಈ ಸಲ ಇಬ್ಬರನ್ನೂ ಕೂಡಿಸೇ ತಗೀ. ನಿನ್ನ ಯಂತ್ರ ಯಾರನ್ನ ತಗದ ಒಗಿತೈತಿ ನೋಡೂಣು.”

ಶುಕ್ರವಾರ ಖುಶನುಮಾ ಬಂದಳು. ಹೂವಿನ ಕುರ್ಚಿ ಇರಲಿಲ್ಲ, ಸ್ಟುಡಿಯೊದ ಬೆಂಚು ಇತ್ತು. ಮುಖದ ಮೇಲೆ ಮಲ್ಲಿಗೆಯ ಎಳೆಗಳೂ ಇರಲಿಲ್ಲ. ನಡುವೆ ದಾದಿ ಕುಳಿತು ಒಬ್ಬೊಬ್ಬಳ ಕೈಯನ್ನು ಒಂದೊಂದು ಕೈಯಲ್ಲಿ ಹಿಡಿದುಕೊಂಡಿದ್ದರು. ಅಕ್ಕತಂಗಿಯರು ಆಚೀಚೆಯಿಂದ ಅವರ ಭುಜಕ್ಕೆ ಒರಗಿ, ಯಾವುದಕ್ಕೋ ನಗತೊಡಗಿದವರು ನಿಲ್ಲಿಸಲಿಲ್ಲ. ಹಿರಿಯರು ಮಾತ್ರ ನಗದೆ, ಸಾಲ ಕೇಳಲು ಬಂದವರನ್ನು ನೋಡುವ ಹಾಗೆ ಕ್ಯಾಮೆರಾವನ್ನು ನೋಡಿದರು. ಅದೇ ಫೋಟೊ ಈಗ ಬದಾಮಿಯ ಅಲ್ಬಮಿಗೂ ಇಳಕಲ್ಲಿನ ಅಲ್ಬಮಿಗೂ ಮೊದಲ ಪುಟವಾಗಿದೆ.

ಆದ್ದರಿಂದ ಮಾನ್ಯರಲ್ಲಿ ನನ್ನ ಬೇಡಿಕೆಗಳು ಸಣ್ಣವು. ತಾವು ಒಮ್ಮೆ ಬಿಡುವು ಮಾಡಿಕೊಂಡು, ಕಸಬರಿಗೆಯನ್ನು ಹೊರಗೆ ಇಟ್ಟು, ಕಮತಗಿಗೆ ಬಂದು ಮಕ್ತುಮಬಿಯವರ ಬಳಿ ಕೆಲವು ದಿನ ಕುಳಿತು, ಎರಡು ಮುಖಗಳನ್ನು ಬೇರೆ ಮಾಡಿ ನೋಡುವುದನ್ನು ಕಲಿಯಬೇಕು. ಊಟ ವಸತಿ ನಮ್ಮದು. ಕಲಿತಾದ ಮೇಲೆ, ಬೇಡದ್ದನ್ನು ಅಳಿಸುವ ತಮ್ಮ ಕೈಗುಣವನ್ನು ಕಂಪ್ಯೂಟರಿನ ಆಚೆಗೂ ತೋರಿಸಿ, ನಮ್ಮ ಅಂಗಡಿಯ ಮುಂದೆ ಬಾಗಿಲು ಮುಚ್ಚುವ ಹಾಗೆ ನಿಲ್ಲುವ ಮೋಟಾರ್ ಸೈಕಲ್ಲುಗಳ ನಕಲುಗಳನ್ನಾದರೂ ತೆಗೆದುಹಾಕಬೇಕು. ಹಾಗೆಯೇ ಮಲೀಕಸಾಬರ ಒಂದು ಪ್ರತಿಯನ್ನು ಮಾತ್ರ ಉಳಿಸಿ, ಉಳಿದವನ್ನು ತಟ್ಟೆಯ ಸಮೇತ ಶಾಶ್ವತವಾಗಿ ಅಳಿಸಬೇಕು. ಅವರು ತಮ್ಮದೇ ಒಂದು ಅಲ್ಬಮ್ ಮಾಡಿಕೊಡಲು ಕೇಳಿದ್ದಾರೆ.

ತಮ್ಮಲ್ಲಿ ಇಟ್ಟ ವಿಶ್ವಾಸವನ್ನು ಹಿಂದಕ್ಕೆ ಪಡೆಯುವ ಬಟನ್ ಎಲ್ಲಿದೆಯೆಂದು ಇನ್ನೂ ಹುಡುಕುತ್ತಿರುವ,

ತಮ್ಮ ವಿಶ್ವಾಸಿ,
ಜಯಶ್ರೀ
ಕಮತಗಿ

ತಾಜಾ ಕಲಂ: ಇಷ್ಟು ಬರೆದ ಮೇಲೆ ತಮ್ಮನ್ನು ಕಂಪ್ಯೂಟರಿನಿಂದ ಬೀಳ್ಕೊಡಲು ಹೋದೆ. ‘ನಮ್ಮನ್ನು ತೆಗೆಯಲು ಕಾರಣವೇನು?’ ಎಂದು ತಾವು ನೊಂದು ಕೇಳಿದಿರಿ. ಆರಿಸಲು ಕೊಟ್ಟ ಉತ್ತರಗಳಲ್ಲಿ ‘ನಿಧಾನವಾಗಿದೆ’, ‘ಇಷ್ಟವಾಗಲಿಲ್ಲ’ ಎಂಬವು ಇದ್ದವು, ‘ಮದುಮಗಳನ್ನು ಅಳಿಸಿತು’ ಎಂಬುದು ಇರಲಿಲ್ಲ. ಕೊನೆಗೆ ‘ಇತರೆ’ ಒತ್ತಿದೆ. ಅಲ್ಲಿ ಬರೆಯಲು ಒಂದೇ ಸಾಲಿನ ಜಾಗವಿತ್ತು. ಜಾಗ ಉಳಿಸುವುದರಲ್ಲಿ ತಮ್ಮನ್ನು ಮೀರಿಸುವವರಿಲ್ಲ. ಅದಕ್ಕೇ ಈ ಪತ್ರ ಬಹಿರಂಗವಾಯಿತು.