ನಾನು ಓಣಿಗೆ ನೀರು ತಂದದ್ದು

ಪ್ರತಿಯೊಬ್ಬ ಮನುಷ್ಯನ ಬಳಿಯೂ ಯಾರಿಗೂ ಬೇಡವಾದ ಒಂದು ವಿದ್ಯೆ ಇರುತ್ತದೆ. ನನ್ನ ಬಳಿ ಇರುವುದು ಕುಷ್ಟಗಿ ಲೋಕಸಭಾ ಕ್ಷೇತ್ರದ ಇತಿಹಾಸ. ಅಂಥದೊಂದು ಕ್ಷೇತ್ರ ಎಲ್ಲಿದೆ ಎಂದು ನೀವು ಕೇಳುವುದು ಸಹಜ. ಈಗಿಲ್ಲ. ನಿಜಾಮನ ಆಳ್ವಿಕೆ ಮುಗಿದು ಮೊದಲ ಚುನಾವಣೆ ಬಂದಾಗ ಇತ್ತು, ಮುಂದಿನ ಚುನಾವಣೆಯ ಹೊತ್ತಿಗೆ ಇರಲಿಲ್ಲ. ಕ್ಷೇತ್ರಕ್ಕೆ ಕೊಪ್ಪಳದ ಹೆಸರು ಬಂತು. ಗಂಗಾವತಿ, ಯಲಬುರ್ಗಾಗಳ ಜೊತೆ ನಾವೂ ಅದರೊಳಗೊಂದು ತಾಲ್ಲೂಕಾಗಿ ಉಳಿದೆವು. ಆ ಮೊದಲ ಚುನಾವಣೆಯಲ್ಲಿ ನಾನು ತೊಟ್ಟಿಲಲ್ಲಿದ್ದೆ. ಆದರೂ ನಮ್ಮೂರು ತನ್ನ ಹೆಸರಿನಲ್ಲೇ ಒಬ್ಬರನ್ನು ದಿಲ್ಲಿಗೆ ಕಳಿಸಿತ್ತಲ್ಲ ಎಂಬ ಹೆಮ್ಮೆ ನನ್ನನ್ನು ಬಿಟ್ಟಿಲ್ಲ. ಹೇಳಿದರೆ ಜನ "ಹೌದ್ರೇನು?" ಎಂದು ಚಹಾದ ಕಪ್ಪಿನೊಳಗೆ ನೋಡುತ್ತಾರೆ.

ನಾನು ಶಿಸ್ತಿನ ಮನುಷ್ಯ. ಹೆಡ್‌ಮಾಸ್ತರನಾಗಿ ನಿವೃತ್ತನಾದ ಮೇಲೂ ಬೆಳಕು ಹರಿಯುವ ಮೊದಲೇ ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಸ್‌ಸ್ಟ್ಯಾಂಡಿನ ತನಕ ನಡೆದು, ಅದೇ ಚಹಾದಂಗಡಿಯ ಅದೇ ಬೆಂಚಿನ ಮೇಲೆ ಕೂರುತ್ತೇನೆ. ಇತಿಹಾಸವನ್ನೂ ಕ್ರಮವಾಗಿಯೇ ಹೇಳುತ್ತೇನೆ. ಒಂದು ಚುನಾವಣೆ ಮುಗಿಸದೆ ಇನ್ನೊಂದಕ್ಕೆ ಹೋಗುವುದಿಲ್ಲ. ಬರೀ ಹೇಳಿದರೆ ಕೇಳುವವರು ಎದ್ದು ಹೋಗುತ್ತಾರೆಂದು ಅಭ್ಯರ್ಥಿಗಳ ನಕಲು ಮಾಡಿ, ಅವರದೇ ದನಿ ತೆಗೆದು ಹೇಳುವುದನ್ನು ರೂಢಿಸಿಕೊಂಡೆ. ಸಾಲೆಯಲ್ಲಿ ಮಕ್ಕಳಿಗೆ ನಾಟಕ ಕಲಿಸಿದ ಗಂಟಲು, ಹೇಳಿದಂತೆ ಕೇಳುತ್ತದೆ. ಮೊದಲ ಕಾಲದವರದು ಉರ್ದು ಬೆರೆತ ಮೆತ್ತಗಿನ ಮಾತು, ಮತ ಕೇಳುವುದಕ್ಕೂ "ಮೆಹರ್ಬಾನಿ" ಎನ್ನುವರು. ಅದನ್ನು ನಾನು ಅಪ್ಪನಿಂದ ಕಲಿತೆ. ಆಮೇಲಿನವರು ಕೊಪ್ಪಳದಿಂದ ಜೀಪಿನಲ್ಲಿ ಬಂದು ಕೆಳಗಿಳಿಯದೆ ಕೂಗಿ ಹೋಗುವರು. ಗಂಗಾವತಿಯ ಕಡೆಯವರ ಕನ್ನಡದಲ್ಲಿ ಭತ್ತದ ದುಡ್ಡಿನ ಗತ್ತಿತ್ತು, ನಡುನಡುವೆ ತೆಲುಗಿತ್ತು. ಈಗಿನವರು ಮಾತೇ ಆಡುವುದಿಲ್ಲ, ಕೈ ಬೀಸುತ್ತಾರೆ. ಮಾತನ್ನು ಹಿಂದಿನ ಗಾಡಿಯ ಸ್ಪೀಕರು ಆಡುತ್ತದೆ. ಪಕ್ಷ ಬದಲಾಯಿತು, ಜಾತಿ ಬದಲಾಯಿತು, ಗಾಡಿ ಬದಲಾಯಿತು. ಬದಲಾಗದೆ ಉಳಿದದ್ದು ಒಂದೇ ವಾಕ್ಯ: "ತಾಯಂದಿರಾ, ನಿಮ್ಮ ಓಣಿಗೆ ನಳದ ನೀರು ಬಂದವು ಅಂತ ತಿಳೀರಿ!"

ನಾವು ತಿಳಿದುಕೊಂಡೇ ಇದ್ದೇವೆ. ನಮ್ಮ ಓಣಿಗೆ ಈಗಲೂ ಟ್ಯಾಂಕರೇ ಗತಿ. ಹೆಂಡತಿ ಶರಣಮ್ಮ ಗಂಗಾವತಿ ತಾಲ್ಲೂಕಿನ ಮರಳಿಯವಳು, ಕಾಲುವೆ ದಂಡೆಯಲ್ಲಿ ಬೆಳೆದವಳು. ಮದುವೆಯಾದ ಹೊಸತರಲ್ಲಿ ಕೊಡ ಹಿಡಿದು ಪಾಳಿಗೆ ನಿಂತು ಅತ್ತಿದ್ದಳು. ಈಗ ಅಳುವುದಿಲ್ಲ, ಮೊಣಕಾಲು ಹಿಡಿದುಕೊಂಡು ಬೈಯುತ್ತಾಳೆ. "ನಮ್ಮೂರಾಗ ಎಮ್ಮಿ ಮೈ ತೊಳಿಯೋ ನೀರಿನಾಗ ಇಲ್ಲಿ ಇಡೀ ಓಣಿ ಅಡಗಿ ಮಾಡಬಹುದಿತ್ತು. ನನ್ನ ಅಪ್ಪ ನಿಮ್ಮ ನೌಕರಿ ನೋಡಿದ, ನಿಮ್ಮ ಬಾವಿ ನೋಡಲಿಲ್ಲ." ಈ ಸಲ ಮಾತ್ರ ಸ್ವಲ್ಪ ಆಸೆ ಹುಟ್ಟಿತ್ತು. ಹೊಸ ಪೈಪು ಹಾಕುವ ಓಣಿಗಳಲ್ಲಿ ನಮ್ಮದೂ ಸೇರುತ್ತದೆಂದು ನೀರಿನ ಕಚೇರಿಯವರೇ ಬಂದು ಅಳತೆ ಮಾಡಿಕೊಂಡು ಹೋಗಿದ್ದರು. ಶರಣಮ್ಮ ಅಡುಗೆಮನೆಯಲ್ಲಿ ನಳ ಎಲ್ಲಿ ಕೂರಬೇಕೆಂದು ಗೋಡೆಗೆ ಕುಂಕುಮದ ಬೊಟ್ಟನ್ನೂ ಇಟ್ಟಿದ್ದಳು.

ಅಷ್ಟರಲ್ಲಿ ಚುನಾವಣೆ ಬಂತು. ಮೈಕು ಹಿಡಿದ ಒಬ್ಬ, ಮೊಬೈಲು ಹಿಡಿದ ಇನ್ನೊಬ್ಬ ಚಹಾದಂಗಡಿಗೆ ಬಂದು, "ಸರ್, ಈ ಕ್ಷೇತ್ರದ ಹಿಸ್ಟರಿ ನಿಮಗ ಗೊತ್ತೈತಂತ. ಜನ ಹೇಳ್ಯಾರ. ಎರಡು ಮಾತು ಹೇಳ್ರಿ" ಎಂದರು. ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಎದ್ದು ನಿಂತೆ, ಅಂಗಿ ಎಳೆದುಕೊಂಡೆ. ಮೊದಲ ಚುನಾವಣೆಯಿಂದ ಶುರುಮಾಡಿದೆ. ದನಿಯ ಮೇಲೆ ದನಿ ತೆಗೆದೆ. ಬಸ್ಸಿಗೆ ಕಾಯುವವರೂ ಸುತ್ತ ಸೇರಿದರು. ಕೊನೆಗೆ ಎರಡೂ ಕೈ ಮೇಲೆತ್ತಿ, ನೀರಿನ ವಾಕ್ಯವನ್ನು ಗಂಟಲು ಬಿರಿಯುವಂತೆ ಹೇಳಿದೆ. ಚಪ್ಪಾಳೆ ಬಿತ್ತು. ಆಮೇಲೆ ಗಂಭೀರವಾಗಿ, "ಇಷ್ಟು ಜನ ಹೇಳಿದರೂ ಒಂದು ಹನಿ ಬಂದಿಲ್ಲ" ಎಂದೂ ಸೇರಿಸಿದೆ. ಅಷ್ಟರಲ್ಲಿ ಮೊಬೈಲಿನವನು ಮೊಬೈಲನ್ನು ಜೇಬಿಗೆ ಹಾಕಿಕೊಂಡಿದ್ದ.

ಮರುದಿನ ಊರಿನ ಎಲ್ಲ ಮೊಬೈಲುಗಳಲ್ಲಿ ನಾನಿದ್ದೆ. ಮೊದಲ ಚುನಾವಣೆ ಇಲ್ಲ, ಮೆಹರ್ಬಾನಿ ಇಲ್ಲ, ಜೀಪಿಲ್ಲ. ಕೈ ಮೇಲೆತ್ತಿ ನಾನು ಕೂಗುತ್ತಿದ್ದೇನೆ: "ನಿಮ್ಮ ಓಣಿಗೆ ನಳದ ನೀರು ಬಂದವು ಅಂತ ತಿಳೀರಿ!" ಕೆಳಗೆ ದಪ್ಪ ಅಕ್ಷರದಲ್ಲಿ, 'ಆನಂದ ತಡೆಯಲಾರದ ಹಿರಿಯ ಶಿಕ್ಷಕ'. ಹಿಂದೆ ವಾದ್ಯ. ಕೊನೆಯಲ್ಲಿ ಒಬ್ಬ ಅಭ್ಯರ್ಥಿಯ ನಗುಮುಖ.

ಎದುರು ಮನೆಯ ಮಾಬೂಬಿ ನಾಲ್ವರು ಹೆಂಗಸರನ್ನು ಕರೆದುಕೊಂಡು ಖಾಲಿ ಕೊಡಗಳ ಸಮೇತ ಬಾಗಿಲಿಗೆ ಬಂದಳು.

"ಏನ್ರಿ ಮಾಸ್ತರ, ನಳ ಬಂದೈತಂತಲ್ರಿ. ನಮಗ ಕಾಣವಲ್ದು. ಒಳಗ ಬಚ್ಚಿಟ್ಟೀರೇನು?"

"ಮಾಬೂಬಿ, ಅದು ನಾನು ನಕಲು ಮಾಡಿದ್ದು. ಅವರು ಕತ್ತರಿಸ್ಯಾರ."

"ನಕಲಾದ್ರೂ ಇರಲಿ ತಗೋರಿ, ಎರಡು ಕೊಡ ನಕಲಿ ನೀರs ಹಾಕ್ರಿ. ಮೊಮ್ಮಗಳ ಅರಿವಿ ಒಗೀಬೇಕು."

ಎಲ್ಲರೂ ನಕ್ಕರು. ಶರಣಮ್ಮ ಮಾತ್ರ ನಗದೆ, ನಮ್ಮ ಪಾಲಿನ ಡ್ರಮ್ಮಿನಿಂದ ಅವರಿಗೆ ಒಂದೊಂದು ಕೊಡ ತುಂಬಿ ಕಳಿಸಿದಳು. ಆ ದಿನ ನನಗೆ ಸ್ನಾನವಿರಲಿಲ್ಲ.

ಚುನಾವಣೆ ಮುಗಿಯಿತು. ಪೈಪಿನ ಗಾಡಿ ಬಂತು. ನಮ್ಮ ಓಣಿಯ ಬಾಯಿಯಲ್ಲಿ ಹಾದು ಮುಂದಿನ ಓಣಿಗೆ ಹೋಯಿತು. ನಾನು ನೀರಿನ ಕಚೇರಿಗೆ ಓಡಿದೆ. ಅಲ್ಲಿದ್ದ ಸಾಹೇಬ ಮರ್ಯಾದಸ್ಥ, ಕುರ್ಚಿ ಕೊಟ್ಟ.

"ಸರ, ನಿಮ್ಮ ಓಣಿ ಕೆಲಸ ಮುಗಿದ ಓಣಿಗಳ ಪಟ್ಟಿಯೊಳಗ ಹೋಗೈತ್ರಿ. ವಿಡಿಯೋ ಮ್ಯಾಲಿನವರ ತನಕ ಮುಟ್ಟೈತಿ. ನೀವs ಬಂದಾವಂತ ಹೇಳೀರಿ, ಈಗ ಇಲ್ಲಂತ ನಾ ಹೆಂಗ ಬರೀಲಿ? ಅವರು ಸುಳ್ಳಾಗಬೇಕು, ಇಲ್ಲಾ ನೀವು ಸುಳ್ಳಾಗಬೇಕು."

"ಅಯ್ಯಾ, ಅದು ನನ್ನ ಮಾತಲ್ಲ. ಅಭ್ಯರ್ಥಿಗಳ ನಕಲು."

"ನಕಲಂತ ಹೆಂಗ ತಿಳೀಬೇಕ್ರಿ?"

ಸಾಬೀತು ಮಾಡುವ ದಾರಿ ನನಗೊಂದೇ ಗೊತ್ತಿತ್ತು. ಎದ್ದು ನಿಂತು ಮೊದಲ ಚುನಾವಣೆಯಿಂದ ಶುರುಮಾಡಿದೆ. ಮೆಹರ್ಬಾನಿಗೆ ಸಾಹೇಬನ ಮುಖ ಅರಳಿತು. ಜೀಪಿಗೆ ಪಕ್ಕದ ಕೋಣೆಯ ಗುಮಾಸ್ತರು ಬಂದರು. ಗಂಗಾವತಿಯ ತೆಲುಗಿಗೆ ಬಾಗಿಲಲ್ಲಿ ಜಾಗವಿರಲಿಲ್ಲ. "ಯಪ್ಪಾ, ಥೇಟ್ ಅವರs!" ಎಂದು ಒಬ್ಬ ಕಣ್ಣೊರೆಸಿಕೊಂಡ. "ಸರ, ಯಲಬುರ್ಗಾ ಕಡಿದೊಂದು ಆಗಲ್ರಿ" ಎಂದು ಇನ್ನೊಬ್ಬ ಕೇಳಿದ. ಅದನ್ನೂ ಮಾಡಿದೆ. ಚಹಾ ತರಿಸಿದರು. ಸಾಹೇಬ ಎರಡೂ ಕೈ ಹಿಡಿದು, "ಭಾಳ ಛಲೋ ಆತ್ರಿ ಸರ, ಭಾಳ ದಿನಕ್ಕ ನಕ್ಕಿವಿ. ನೋಡೂಣು, ಮುಂದಿನ ಸಲ ಸೇರಸಾಕ ಪ್ರಯತ್ನ ಮಾಡ್ತೀನಿ" ಎಂದು ಬಾಗಿಲ ತನಕ ಬಂದು ಬೀಳ್ಕೊಟ್ಟ.

ಮನೆಗೆ ಬಂದಾಗ ಶರಣಮ್ಮ ಹೊಸ್ತಿಲ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಮಾಬೂಬಿಯೂ ತನ್ನ ಬಾಗಿಲಲ್ಲಿ ಕಿವಿಯಾಗಿ ನಿಂತಿದ್ದಳು.

"ಏನಂದ್ರು?"

"ಇನ್ನೇನು, ಬಂದವು ಅಂತ ತಿಳಿ" ಎಂದೆ.

ಅವಳು ತಿಕ್ಕುವುದನ್ನು ನಿಲ್ಲಿಸಿ ತಲೆಯೆತ್ತಿದಳು. "ಇದು ಯಾರ ದನಿರೀ? ಕೊಪ್ಪಳದವರದೋ, ಗಂಗಾವತಿಯವರದೋ?"

ನಾನು ಯಾರ ದನಿಯನ್ನೂ ತೆಗೆದಿರಲಿಲ್ಲ.