ಸರಕಾರಿ ಜಾಡಿ ಸೋರುವುದಿಲ್ಲ

ಮಗುವಿನ ತಲೆಯಲ್ಲಿ ತರ್ಕವಿದೆಯೆಂದು ಖಾತ್ರಿಯಾಗದೆ ಗಣಿತ ಕಲಿಸತಕ್ಕದ್ದಲ್ಲ ಎಂಬ ಆದೇಶವು ಸಾವಿರದ ಒಂಬೈನೂರ ಎಪ್ಪತ್ನಾಲ್ಕರ ಮಳೆಗಾಲದಲ್ಲಿ ಘೋಣಸಗಿ ದಾರಿಯ ಒಂದು ಸಣ್ಣ ಹಳ್ಳಿಯ ಪ್ರಾಥಮಿಕ ಸಾಲಿಗೆ ಬಂದು ಮುಟ್ಟಿತು. ತರ್ಕವಿಲ್ಲದವರಿಗೆ ಕಲಿಸಿದರೆ ಗಣಿತ ಪೋಲಾಗುತ್ತದೆಂದು ಮೇಲಿನವರಿಗೆ ಬಹಳ ಚಿಂತೆಯಾಗಿತ್ತಂತೆ. ನಪಾಸಾದವರು ಲೆಕ್ಕದ ತಾಸಿನಲ್ಲಿ ಅಂಗಳದ ಕಸ ಕೀಳತಕ್ಕದ್ದು.

ಆ ಸಾಲಿಯ ಮಶಾಕಸಾಬ ಮಾಸ್ತರರು ವಿಜಾಪುರಕ್ಕೆ ಹೋಗಿ, ಸ್ಟೇಷನ್ ರಸ್ತೆಯ ಉಗ್ರಾಣದಿಂದ ಪರೀಕ್ಷೆಯ ಸಾಮಾನು ತಂದರು. ಒಂದು ಅಗಲ ಬೋಗುಣಿ, ಒಂದು ಉದ್ದನೆಯ ಗಾಜಿನ ಜಾಡಿ. ಪೆಟ್ಟಿಗೆ ಬಿಚ್ಚುವ ಮೊದಲೇ 'ಸುಸ್ಥಿತಿಯಲ್ಲಿದೆ' ಎಂದು ಸಹಿ ಹಾಕುವುದು ಅಲ್ಲಿನ ಪದ್ಧತಿ, ಹಾಕಿದರು. ಟಿಕೋಟಾ ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡೇ ಬಂದರು. ಊರಿಗೆ ಬಂದು ನೋಡಿದರೆ ಜಾಡಿಯ ತಳದಲ್ಲಿ ಕೂದಲೆಳೆಯಷ್ಟು ಬಿರುಕು. ಆದರೆ ಸಹಿ ಆಗಿಹೋಗಿತ್ತಲ್ಲ, ಇನ್ನು ಬಿರುಕಿಗೆ ಎಲ್ಲಿಯ ಅವಕಾಶ?

ತರ್ಕ ಪರೀಕ್ಷಕ ಬಸಲಿಂಗಯ್ಯ ಸಾಹೇಬರು ಬಂದರು. ಬೋಗುಣಿಯ ನೀರನ್ನು ಜಾಡಿಗೆ ಸುರಿದು, "ಈಗ ನೀರು ಹೆಚ್ಚಾತೋ, ಕಡಿಮಿ ಆತೋ, ಇಲ್ಲಾ ಸಮ ಐತೋ?" ಎಂದು ಕೇಳಿದರು. ಪಾತ್ರೆ ಉದ್ದವಾದ ಮಾತ್ರಕ್ಕೆ ನೀರು ಹೆಚ್ಚಾಗದು, ಆದ್ದರಿಂದ ಜಾಣ ಮಗು 'ಸಮ' ಎನ್ನಬೇಕು. ಅದೇ ತರ್ಕ.

ದಾವಲಬಿ ಎದ್ದು ನಿಂತಳು. ಇಡೀ ಸಾಲಿಯಲ್ಲಿ ಲೆಕ್ಕವೆಂದರೆ ಊಟ ಬಿಡುವ ಹುಡುಗಿ ಅವಳೊಬ್ಬಳೇ. ಮುಂದಿನ ವರ್ಷ ಅವಳನ್ನು ಟಿಕೋಟಾದ ದೊಡ್ಡ ಸಾಲಿಗೆ ಹಚ್ಚಬೇಕೆಂದು ಮಾಸ್ತರರ ಆಸೆ. ಗಣಿತ ಕಲಿಯದವರನ್ನು ಅಲ್ಲಿ ತಗೊಳ್ಳುತ್ತಿರಲಿಲ್ಲ.

"ಕಡಿಮಿ ಆಗೇತ್ರಿ," ಅಂದಳು.

"ಯಾಕ?"

"ತಳಾ ಸೋರಾಕತ್ತೈತ್ರಿ. ನಿಮ್ಮ ಬೂಟು ತೊಯ್ದಾವ ನೋಡ್ರಿ."

ಸಾಹೇಬರು ಬೂಟು ನೋಡಲಿಲ್ಲ. "ಏನ್ರಿ ಮಾಸ್ತರ, ಸರಕಾರಿ ಜಾಡಿ ಸೋರತೈತೇನು?"

ಸೋರುತ್ತದೆ ಎಂದರೆ ಒಡೆದವರು ಯಾರೆಂಬ ವಿಚಾರಣೆ. ಮಾಸ್ತರರಿಗೆ ತಮ್ಮ ಸಹಿ ನೆನಪಾಯಿತು. "ಇಲ್ರಿ ಸಾಹೇಬ್ರ," ಎಂದರು. ಹಾಗೆಂದದ್ದಕ್ಕೆ ಅವರಿಗೇ ನಾಚಿಕೆಯಾಯಿತು.

ಮಕ್ಕಳೆಲ್ಲ 'ಕಡಿಮಿ' ಎಂದೇ ಹೇಳಿ ನಪಾಸಾದರು. ಪಾಸಾದವನು ಯಲಗೂರಪ್ಪ ಒಬ್ಬನೇ. ಅವನು ಕಿಟಕಿಯಾಚೆಯ ಎಮ್ಮೆ ನೋಡುತ್ತ ನಿಂತಿದ್ದ. ಕೇಳಿದ್ದಕ್ಕೆ 'ಸಮ' ಅಂದುಬಿಟ್ಟ.

ದೀಪಾವಳಿ ಮುಗಿದರೂ ಗಣಿತ ಯಲಗೂರಪ್ಪನೊಬ್ಬನಿಗೇ ನಡೆಯಿತು. ಅವನಿಗೆ ಮಗ್ಗಿ ಏನು ಮಾಡಿದರೂ ಹತ್ತಲಿಲ್ಲ. ಅಂಗಳದಲ್ಲಿ ಕಸ ಕೀಳುತ್ತಿದ್ದ ದಾವಲಬಿ ಕಿಟಕಿಯಿಂದ ಹೇಳಿಕೊಡುತ್ತಿದ್ದಳು. ತರ್ಕವಿಲ್ಲದವಳ ಮಗ್ಗಿ ನಿಯಮಬಾಹಿರವಾದ್ದರಿಂದ ಮಾಸ್ತರರು ಕಿಟಕಿಗೆ ಬೆನ್ನು ಮಾಡಿ ಕೇಳುತ್ತಿದ್ದರು.

ನಪಾಸಾದವರಿಗೆ ಮರುಪರೀಕ್ಷೆ ಬಂತು. ಆ ಮುಂಜಾನೆ ಮಾಸ್ತರರು ದಾವಲಬಿಯನ್ನು ಕರೆದರು. "ನೋಡವ್ವಾ, ಸಾಹೇಬ್ರು ಕೇಳಿದ್ರ ಸಮ ಅನ್ನು."

"ಕಡಿಮಿ ಆಗಿರತೈತಲ್ರಿ."

"ಆಗಿರತೈತಿ."

"ಹಂಗಾರ ಸಮ ಯಾಕ ಅನ್ನೂದ್ರಿ?"

"ಲೆಕ್ಕಾ ಕಲಿಯಾಕವ್ವಾ."

ಅಷ್ಟೊತ್ತಿಗೆ ಬಿರುಕು ಹಿಗ್ಗಿತ್ತು. ಸಾಹೇಬರು ಸುರಿದ ನೀರು ನೆಲಕ್ಕಿಳಿದು, ಹೊಸ್ತಿಲು ದಾಟಿ, ಅಂಗಳಕ್ಕೆ ಹೋಯಿತು. ದಾವಲಬಿ ಬರಿದಾದ ಜಾಡಿ ನೋಡಿದಳು, ಮಾಸ್ತರರ ಮುಖ ನೋಡಿದಳು.

"ಸಮ ಐತ್ರಿ."

"ಶಾಭಾಸ. ಈಗ ಬಂತು ನೋಡ್ರಿ ತರ್ಕ," ಎಂದರು ಸಾಹೇಬರು. ಉಳಿದವರೂ ಹಾಗೇ ಅಂದರು, ಸಾಲಿಗೆ ಸಾಲಿಯೇ ಪಾಸಾಯಿತು. ಇಷ್ಟು ಒಳ್ಳೆಯ ಫಲಿತಾಂಶ ಕೊಟ್ಟ ಜಾಡಿ ಮಾದರಿ ಜಾಡಿಯೆಂದು ಸಾಹೇಬರು ಅದನ್ನು ಕಂಕುಳಲ್ಲಿಟ್ಟು, ತೊಯ್ದ ಬೂಟು ಕೈಯಲ್ಲಿ ಹಿಡಿದು, ಮುಂದಿನ ಸಾಲಿಗಳ ಪರೀಕ್ಷೆಗೆಂದು ಬಬಲೇಶ್ವರದ ಕಡೆ ಹೊರಟರು.

ಮರುದಿನ ದಾವಲಬಿ ಲೆಕ್ಕದ ತಾಸಿಗೆ ಒಳಗೆ ಬಂದು ಕೂತಳು. ಮಾಸ್ತರರಿಗೆ ಎದೆ ತುಂಬಿ ಬಂತು. ಸುಲಭದ್ದನ್ನೇ ಕೇಳಿದರು: "ಐದರಾಗ ಎರಡು ಕಳದ್ರ ಎಷ್ಟವ್ವಾ?"

ಪಾಟಿಯ ಮೇಲೆ ಬರೆಯಲು ಬಳಪ ಎತ್ತಿದವಳು ಅಲ್ಲೇ ತಡೆದಳು.

"ಮಾಸ್ತರ, ಖರೇ ಉತ್ತರ ಬರೀಲೋ, ಸಾಹೇಬ್ರ ಉತ್ತರ ಬರೀಲೋ?"

ಮಾಸ್ತರರು ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಹೇಳಿದರು: "ಎರಡೂ ಬರಿ. ನಡುವ ಒಂದು ಗೆರಿ ಎಳಕೋ."

ಮುಂದಿನ ಜೂನಿನಲ್ಲಿ, ಸಾಲಿ ಸುರುವಾಗುವ ಹೊತ್ತಿಗೆ, ವಿಜಾಪುರದ ಜೋರಾಪುರ ಪೇಟೆಯ ಅಂಗಡಿಯವರು ಪಾಟಿಗಳಿಗೆ ನಡುವೆ ಗೆರೆ ಹೊಡೆಸಿಯೇ ಮಾರಲು ಇಟ್ಟರು. ಗೆರೆಯಿಲ್ಲದ ಪಾಟಿಯನ್ನು ಯಾರೂ ಕೇಳಲಿಲ್ಲ.