ಉಗ್ರಾಣದ ಮಂತ್ರಿಯೂ ನನ್ನ ಬಿಸಿಬೇಳೆಬಾತೂ

ಅಮೆರಿಕದ ಮನ್ರೋ ಊರಿನ ನಮ್ಮ ಮನೆಯಲ್ಲಿ ಸಂಜೆ ಊಟವಾದ ಮೇಲೆ ಕನ್ನಡಕ್ಕೆ ಜಾಗವಿಲ್ಲ. ಟಿವಿಯಲ್ಲಿ ಚೀನಾದ ಯಾವುದೋ ಪುರಾತನ ರಾಜವಂಶ ಆಳುತ್ತಿರುತ್ತದೆ, ಸೋಫಾದ ಮೇಲೆ ನನ್ನ ಹೆಂಡತಿ ನಳಿನಾಕ್ಷಿ ಆಳುತ್ತಿರುತ್ತಾಳೆ, ನಾನು ಡಿಶ್‌ವಾಷರಿಗೆ ಪಾತ್ರೆ ತುಂಬುತ್ತಿರುತ್ತೇನೆ.

ಆ ಧಾರಾವಾಹಿಯ ಕಥೆ ಇಷ್ಟು. ಉಗ್ರಾಣದ ಮಂತ್ರಿಯೊಬ್ಬ ಸೈನಿಕರಿಗೆ ಕಲ್ಲು ತುಂಬಿದ ಅಕ್ಕಿ ಕಳಿಸಿ, ತಪ್ಪನ್ನು ಒಬ್ಬ ಪ್ರಾಮಾಣಿಕ ಅಧಿಕಾರಿಯ ತಲೆಗೆ ಕಟ್ಟಿ, ಆಮೇಲೆ ಆ ತಲೆಯನ್ನೇ ತೆಗೆಸುತ್ತಾನೆ. ಅಧಿಕಾರಿಯ ಮಗಳು ಹೆಸರು ಬದಲಿಸಿಕೊಂಡು ಅರಮನೆ ಸೇರಿ, ಚಕ್ರವರ್ತಿಗೆ ಚಹಾ ಬಗ್ಗಿಸಿ ಕೊಡುವ ಕೆಲಸ ಹಿಡಿಯುತ್ತಾಳೆ. ಕತ್ತಿ ಮುಟ್ಟುವುದಿಲ್ಲ, ದನಿ ಏರಿಸುವುದಿಲ್ಲ. ಅವಳು ಚಹಾ ಬಗ್ಗಿಸುತ್ತಾ ಹೋದ ಹಾಗೆ ಮಂತ್ರಿಯ ಕಡೆಯವರು ಒಬ್ಬೊಬ್ಬರೇ ಉರುಳುತ್ತಾ ಹೋಗುತ್ತಾರೆ.

"ನೋಡಿ, ಚಹಾ ಕೊಡೋಳ ಮೇಲೆ ಯಾರಿಗೂ ಅನುಮಾನ ಬರಲ್ಲ," ಎಂದಳು ನಳಿನಾ, ನನ್ನ ಕೈಗೆ ಕಾಫಿ ಕೊಡುತ್ತಾ. ಒಳ್ಳೆಯ ಮಾತು ಎಂದು ತಲೆದೂಗಿ ಕಾಫಿ ಕುಡಿದೆ.

ಮೊದಲು ನನಗೆ ಇದರಲ್ಲಿ ಆಸಕ್ತಿ ಇರಲಿಲ್ಲ. ನನಗೂ ಒಬ್ಬ ಶತ್ರು ಹುಟ್ಟಿಕೊಂಡ ಮೇಲೆ ಸೋಫಾದ ತುದಿಗೆ ಬಂದು ಕೂತೆ.

ಶತ್ರುವಿನ ಹೆಸರು ಅಮರೇಶ್ವರ. ಸಿಂಧನೂರಿನವರು, ನಮ್ಮ ಕನ್ನಡ ಬಳಗದ ಹೊಸ ಅಧ್ಯಕ್ಷರು. ಬಳಗದ ಯುಗಾದಿ ಊಟದಲ್ಲಿ ಬಿಸಿಬೇಳೆಬಾತ್ ಅಂದರೆ ಚೆಲುವರಾಜು, ಚೆಲುವರಾಜು ಅಂದರೆ ಬಿಸಿಬೇಳೆಬಾತ್ ಎಂಬುದು ಹಳೆಯ ಸಂಪ್ರದಾಯ. (ಚೆಲುವರಾಜು ನಾನೇ.) ಮಸಾಲೆ ನನ್ನದೇ ಸಂಶೋಧನೆ, ಮರಾಠಿ ಮೊಗ್ಗು ಧಾರಾಳ. ಹದ ಎಂಥದ್ದೆಂದರೆ ನೆಟ್ಟ ಸೌಟು ಧ್ವಜಸ್ತಂಭದ ಹಾಗೆ ನಿಲ್ಲಬೇಕು. ತಿಂದವರು ಮಾತು ಹೊರಡದೆ ಬರೀ ತಲೆಯಾಡಿಸುತ್ತಿದ್ದರು.

ಇಂಥ ನನಗೆ ಅಮರೇಶ್ವರರ ಫೋನ್ ಬಂತು.

"ಸರ, ಈ ಸಲ ಜ್ವಾಳದ ರೊಟ್ಟಿ, ಎಣ್ಣಿಗಾಯಿ ಮಾಡಿಸೂಣಂತ. ನೀವು ಪಾರ್ಕಿಂಗ್ ನೋಡ್ಕೋರಿ. ಬರೂ ಮುಂದ ಹಂಗ ಐಸ್ ತಗೊಂಡ್ ಬರ್ರಿ."

ಅರಮನೆಯಿಂದ ನೇರ ಗಡೀಪಾರು. "ಇದು ಮೈಸೂರು ಸಂಸ್ಥಾನದ ವಿರುದ್ಧ ನಡೆದಿರೋ ಸಂಚು," ಎಂದೆ ಹೆಂಡತಿಗೆ.

"ಅಯ್ಯೋ ಪಾಪ," ಎಂದಳು ಟಿವಿಯಿಂದ ಕಣ್ಣು ತೆಗೆಯದೆ. "ಯಾರು ಮಾಡಿರಬಹುದು?"

"ಇನ್ಯಾರು, ಆ ಅಮರೇಶ್ವರ. ನಾನು ಸುಮ್ಮನಿರಲ್ಲ. ಆ ಹುಡುಗಿ ಥರಾನೇ ಒಳಗಿಂದೊಳಗೇ ಸೇಡು ತೀರಿಸ್ಕೋತೀನಿ."

ಮಗಳು ಹರ್ಷಿತಾ ಫೋನಿನಿಂದ ತಲೆ ಎತ್ತಿ, "ಅಪ್ಪಾ, ಯು ಆರ್ ನಾಟ್ ದ ಹೀರೋ," ಎಂದಳು. ಮಕ್ಕಳಿಗೆ ರಾಜಕೀಯ ತಿಳಿಯುವುದಿಲ್ಲ. ನನಗೆ ನನ್ನ ಸೌಟು ವಾಪಸ್ ಬೇಕಿತ್ತು, ಅಷ್ಟೇ. ಆಫೀಸಿನಲ್ಲಿ ನನ್ನ ಮಾತು ಯಾರೂ ಕೇಳುವುದಿಲ್ಲ, ಮನೆಯ ವಿಷಯ ಹೇಳುವುದೇ ಬೇಡ. ವರ್ಷಕ್ಕೊಂದು ದಿನ ಆ ಸೌಟು ಹಿಡಿದಾಗ ಮಾತ್ರ ನಾನೂ ಒಬ್ಬ ಮನುಷ್ಯ ಅನ್ನಿಸುತ್ತಿತ್ತು.

ಧಾರಾವಾಹಿಯ ಹುಡುಗಿ ಸಣ್ಣಗೆ ಕೆಮ್ಮುತ್ತಾ, ರೋಗಿಯಂತೆ ನಟಿಸಿ ಮಹಾರಾಣಿಯ ಮರುಕ ಗಳಿಸಿದ್ದಳು. ನಾನೂ ಶಾಲು ಹೊದ್ದು, ಕೆಮ್ಮುತ್ತಾ ಅಮರೇಶ್ವರರ ಬಾಗಿಲು ತಟ್ಟಿದೆ.

"ಸರ, ಅಲ್ಲೇ ನಿಂದರ್ರಿ," ಎಂದರು ಅವರು ಮಾಸ್ಕ್ ಏರಿಸಿಕೊಂಡು. "ಮನ್ಯಾಗ ಅವ್ವ ಅದಾರ." ಒಂದು ಕೋವಿಡ್ ಟೆಸ್ಟ್ ಕಿಟ್ಟನ್ನು ಹೊಸ್ತಿಲಾಚೆಗೆ ಚಾಚಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಅವರ ತಾಯಿ ಗುರುಸಿದ್ದಮ್ಮನವರು, "ಪಾಪ, ಒಂದೀಟು ಕಷಾಯನರ ಕೊಡಬೇಕಿತ್ತಲ್ಲೋ," ಎಂದದ್ದು ಕೇಳಿಸಿತು. ಮರುಕವೇನೋ ಸಿಕ್ಕಿತು, ಪ್ರವೇಶ ಸಿಗಲಿಲ್ಲ.

ಆದ್ದರಿಂದ ಎರಡನೇ ವ್ಯೂಹ ರಚಿಸಿದೆ. ಮೈಸೂರು ಕಡೆಯವರಿಗೆಲ್ಲ ಫೋನ್ ಮಾಡಿ, ಹಸಿದುಕೊಂಡು ಬನ್ನಿ, ನೆಂಟರಿಷ್ಟರನ್ನೂ ಕರೆತನ್ನಿ ಎಂದು ಹೇಳಿದೆ. ರೊಟ್ಟಿ ಮುಗಿಯಬೇಕು, ಸಭೆ ಹಸಿವಿನಿಂದ ತತ್ತರಿಸಬೇಕು, ಆಗ ನನ್ನ ಕಾರಿನ ಟ್ರಂಕ್ ತೆರೆಯಬೇಕು. ಹಬ್ಬದ ಹಿಂದಿನ ದಿನ ನಳಿನಾ ಶಾಪಿಂಗಿಗೆ ಹೋದಾಗ, ಗ್ಯಾರೇಜಿನಲ್ಲಿರುವ ನಮ್ಮ ಎರಡನೇ ಒಲೆಯ ಮೇಲೆ ಬಿಸಿಬೇಳೆಬಾತ್ ಮಾಡಿ, ಅಲ್ಯೂಮಿನಿಯಂ ಟ್ರೇಗಳಿಗೆ ತುಂಬಿ, ಫಾಯಿಲ್ ಮುಚ್ಚಿ ಕಾರಿನಲ್ಲಿಟ್ಟೆ.

ಯುಗಾದಿಯ ಬೆಳಗ್ಗೆ ನಳಿನಾಳಿಗೆ ನನ್ನ ಮೇಲೆ ಎಲ್ಲಿಲ್ಲದ ಪ್ರೀತಿ. ತಾನೇ ನನ್ನ ತಲೆಗೆ ಎಣ್ಣೆ ಒತ್ತಿ, "ನಿಧಾನವಾಗಿ ಸ್ನಾನ ಮಾಡಿ, ಅವಸರ ಏನಿಲ್ಲ," ಎಂದಳು. ಹಬ್ಬದ ದಿನ ಗಂಡನೆಂದರೆ ಎಷ್ಟು ಭಕ್ತಿ ಎಂದು ಹಿಗ್ಗಿ, ನೀರು ತಣ್ಣಗಾಗುವವರೆಗೂ ಮಿಂದೆ.

ಬ್ರಿಡ್ಜ್‌ವಾಟರಿನ ಹಾಲ್ ಮುಂದೆ ಹಳದಿ ಜಾಕೆಟ್ ತೊಟ್ಟು ಕಾರುಗಳಿಗೆ ಕೈ ತೋರಿಸುತ್ತಾ ನಿಂತೆ. ಮಧ್ಯಾಹ್ನ ನನ್ನ ಎಣಿಕೆಯಂತೆಯೇ ಅಮರೇಶ್ವರರು ಬೆವರೊರೆಸಿಕೊಳ್ಳುತ್ತಾ ಓಡಿಬಂದರು.

"ಸರ, ರೊಟ್ಟಿ ಮುಗದಾವ. ಮಂದಿ ಇನ್ನೂ ಬರಾಕತ್ತೈತಿ. ಎಲ್ಲೆರ ಪೀಜಾ ಸಿಗತೈತೇನ್ರಿ?"

"ಪೀಜಾ ಯಾಕೆ?" ಎಂದೆ, ಆ ಹುಡುಗಿಯ ಹಾಗೆ ಮುಗುಳ್ನಗುತ್ತಾ. "ನನ್ನ ಟ್ರಂಕಲ್ಲಿ ಬಿಸಿಬೇಳೆಬಾತ್ ಇದೆ."

ಅವರ ಮುಖ ಬಿಳಿಚಿತು. "ಈ ಸಲ ಅದು ಇರಂಗಿಲ್ಲಂತ ಅಕ್ಕಾರು ಮಾತ ಕೊಟ್ಟಿದ್ರಲ್ರೀ."

"ಯಾವ ಅಕ್ಕಾರು?"

"ನಿಮ್ಮ ಮನಿಯವರ, ಸರ."

ನನ್ನ ಕೈ ಆಗಲೇ ಟ್ರಂಕ್ ತೆರೆದಿತ್ತು. ಅಮರೇಶ್ವರರು ದೇವರನ್ನು ನೆನೆದು ಫಾಯಿಲ್ ಎತ್ತಿದರು. ಒಳಗೆ ಮೊಸರನ್ನ. ಮೇಲೆ ದಾಳಿಂಬೆ, ಸಾಸಿವೆ ಒಗ್ಗರಣೆ, ಕೊತ್ತಂಬರಿ. ಎಲ್ಲ ಟ್ರೇಗಳಲ್ಲೂ ಅದೇ.

"ಅಕ್ಕಾರು ದೇವರಂಥವರ್ರಿ," ಎಂದು ಕೈಮುಗಿದು ಟ್ರೇಗಳನ್ನು ಒಳಗೆ ಸಾಗಿಸಿದರು. ಜನ ಅದನ್ನು ಟ್ರೇ ಗೀರಿಗೀರಿ ತಿಂದರು. ನನಗೆ ಐಸ್ ಮಿಕ್ಕಿತ್ತು.

ಮನೆಗೆ ಬಂದವನೇ ವಿಚಾರಣೆ ಶುರು ಮಾಡಿದೆ. "ಸಂಚು ನಿನ್ನದಾ?"

"ಹೂಂ," ಎಂದಳು ನಳಿನಾ, ಕಾಫಿ ಬಗ್ಗಿಸುತ್ತಾ. "ಅಮರೇಶ್ವರರು ಅಧ್ಯಕ್ಷರಾದ ತಕ್ಷಣ ನಾನೇ ಹೋಗಿ, ಈ ಸಲ ನಿಮ್ಮ ಬಿಸಿಬೇಳೆಬಾತ್ ಬೇಡ ಅಂತ ಕೇಳ್ಕೊಂಡೆ."

"ಗ್ಯಾರೇಜಿನ ವಿಷಯ ಹೇಗೆ ಗೊತ್ತಾಯ್ತು?"

"ಅಲ್ಲಿ ನನ್ನ ಜಾಕೆಟ್ ನೇತುಹಾಕಿತ್ತು. ಅದನ್ನ ಹಾಕ್ಕೊಂಡು ವಾಕಿಂಗ್ ಹೋದ್ರೆ ಪಕ್ಕದ ಮನೆ ನಾಯಿ ಮೂಸ್ಕೊಂಡು ಹಿಂದೇನೇ ಬಂತು."

(ಅದಕ್ಕಾದರೂ ಇಷ್ಟವಾಯಿತಲ್ಲ ಎಂದುಕೊಂಡೆ.)

"ಯಾಕೆ ಹೀಗೆ ಮಾಡಿದೆ, ನಳಿನಾ?"

ಅವಳು ಲೋಟ ಕೆಳಗಿಟ್ಟಳು. "ಜನ ಸಂಕೋಚಕ್ಕೆ ಒಂದು ಸೌಟು ಹಾಕಿಸ್ಕೊಂಡು, ತಟ್ಟೆ ಸಮೇತ ಗಾರ್ಬೇಜಿಗೆ ಹಾಕ್ತಾರೆ. ನೀವು ನೋಡಿದ್ರೆ ಬನ್ನಿ ಬನ್ನಿ ಅಂತ ಎಲ್ಲರನ್ನೂ ಕರೀತಾ ನಿಂತಿರ್ತೀರಿ. ನನಗೆ ಕರುಳು ಚುರುಕ್ ಅನ್ನುತ್ತೆ. ಆಮೇಲೆ ವಾಪಸ್ ಬಂದ ಟ್ರೇಗಳನ್ನ ಫ್ರೀಜರಿಗೆ ತುಂಬಿ ದೀಪಾವಳಿವರೆಗೂ ತಿನ್ನೋಳು ನಾನು. ನೀವು ಆಫೀಸಲ್ಲಿ ಸ್ಯಾಂಡ್‌ವಿಚ್ ತಿಂತೀರಿ."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾಚಿಕೆ ಬಂತು.

ಆ ಸಂಜೆ ಧಾರಾವಾಹಿಯ ಕೊನೆಯ ಕಂತು. ಮೂವರೂ ಸೋಫಾದಲ್ಲಿ ಕೂತೆವು. ಮಂತ್ರಿಯನ್ನು ಎಳೆತಂದು ಮಂಡಿಯೂರಿಸಿದರು. ಚಹಾ ಕೊಡುವ ಹುಡುಗಿ ಮುಚ್ಚಿದ ಬಟ್ಟಲೊಂದನ್ನು ಹಿಡಿದು ನಿಧಾನವಾಗಿ ನಡೆದು ಬಂದಳು. ಅದೇ ಹೊತ್ತಿಗೆ ನಮ್ಮ ಅಡುಗೆಮನೆಯಲ್ಲಿ ಮೈಕ್ರೋವೇವ್ ಕೂಗಿತು. ಎದ್ದು ಹೋದ ನಳಿನಾ ಒಂದು ತಟ್ಟೆ ಹಿಡಿದುಕೊಂಡು ಅಷ್ಟೇ ನಿಧಾನವಾಗಿ ನಡೆದು ಬಂದಳು.

ಪರದೆಯ ಮೇಲೆ ಬಟ್ಟಲಿನ ಮುಚ್ಚಳ ತೆಗೆದರು. ಅವನೇ ಸೈನಿಕರಿಗೆ ಕಳಿಸಿದ್ದ ಕಲ್ಲಕ್ಕಿಯ ಅನ್ನ. ನನ್ನ ಮುಂದಿನ ತಟ್ಟೆಯಲ್ಲಿ ನಾನೇ ಗ್ಯಾರೇಜಿನಲ್ಲಿ ಬೇಯಿಸಿದ್ದ ಬಿಸಿಬೇಳೆಬಾತ್. ಚಮಚ ನೆಟ್ಟಗೆ ನಿಂತಿತ್ತು.

"ತಿನ್ನಿ, ನಿಮ್ಮದೇ. ಫ್ರೀಜರ್ ತುಂಬಾ ಇದೆ," ಎಂದಳು ನಳಿನಾ.

ಸಹಾಯಕ್ಕೆಂದು ಹರ್ಷಿತಾಳ ಕಡೆ ನೋಡಿದೆ. "ಐ ಟೋಲ್ಡ್ ಯು, ಅಪ್ಪಾ," ಎಂದಳು.

ಮಂತ್ರಿ ಕಣ್ಣು ಮುಚ್ಚಿ ಮೊದಲ ತುತ್ತು ಬಾಯಿಗಿಟ್ಟ. ನಾನೂ ಇಟ್ಟೆ. ಅವನ ಹಲ್ಲಿಗೆ ಕಲ್ಲು ಸಿಕ್ಕಿತು, ನನ್ನ ಹಲ್ಲಿಗೆ ಮರಾಠಿ ಮೊಗ್ಗು. ಅವನ ಕಥೆ ಅಲ್ಲಿಗೆ ಮುಗಿಯಿತು. ನನಗೆ ದೀಪಾವಳಿ ಇನ್ನೂ ದೂರವಿದೆ.